ನಡುನೀರಿನ ಗೆರೆ

ಫೆಬ್ರವರಿ ೧೧

ಇರುವೆಗೆ,

ಬರೀ ಕ್ಷೇಮ ಕೇಳುವುದಕ್ಕೆ ಬರೆದ ಕಾಗದವಲ್ಲ ಇದು. ಆದರೂ ಕೇಳಿಬಿಡುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಕಣ್ಣುನೋವು ಕಡಿಮೆಯಾಯಿತಾ? ನಾವಿಬ್ಬರೂ ಇದ್ದ ಹಾಗೇ ಇದ್ದೇವೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ‘ಹೂಂ, ಹೂಂ’ ಎನ್ನುತ್ತೀಯೇ ಹೊರತು ಬಾಯಿ ಬಿಡುವುದಿಲ್ಲ. ಕಾಗದಕ್ಕಾದರೆ ಉತ್ತರ ಕೊಡುತ್ತೀಯ. ನೀನು ಆರು ವರ್ಷದವನಿದ್ದಾಗ ನಾನು ಈ ಮನೆಗೆ ಸೊಸೆಯಾಗಿ ಬಂದೆ, ಇರುವೆ ಎಂದು ಅಡ್ಡಹೆಸರಿಟ್ಟವಳೂ ನಾನೇ, ನಿನ್ನ ಗುಣ ನನಗೆ ಹೊಸದಲ್ಲ.

ಮೊನ್ನೆ ಯಾರೋ ಬಂದು ದೋಣಿ ಕಾಯುವ ಚಪ್ಪರದ ಕಂಬಕ್ಕೆ ಒಂದು ಕಾಗದ ಅಂಟಿಸಿ ಹೋದರು. ಅದರಲ್ಲಿ ಇದ್ದದ್ದನ್ನು ಹಾಗೇ ಬರೆದಿದ್ದೇನೆ: ‘ತರಂಗಾಂತರ ಪರವಾನಗಿಯ ಹೊಸ ಸೇವಾ ವಲಯಗಳ ಕರಡು ನಕ್ಷೆ. ಆಕ್ಷೇಪಣೆ ಇದ್ದವರು ಮಾರ್ಚ್ ಹನ್ನೆರಡರೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.’ ಕೆಳಗೆ ನಕ್ಷೆ. ನಮ್ಮ ನದಿಯ ನಟ್ಟನಡುವೆ ಒಂದು ಕೆಂಪು ಗೆರೆ.

ದರ್ಜಿ ಅದನ್ನು ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದರು. ಆಮೇಲೆ ನಿಮ್ಮಣ್ಣನಿಗೆ, “ಏನಪ್ಪಾ ಅಂಬಿಗ, ಇನ್ಮೇಲೆ ನೀನು ದಿನಕ್ಕೆ ನಲವತ್ತು ಸಲ ಗಡಿ ದಾಟ್ತೀಯ. ಬೇಗ ಒಂದು ಪಾಸ್‌ಪೋರ್ಟ್ ಮಾಡಿಸ್ಕೋ” ಎಂದರು. ದೋಣಿಯಲ್ಲಿದ್ದವರೆಲ್ಲ ನಕ್ಕರು. ನಿಮ್ಮಣ್ಣನೂ ನಕ್ಕರು. ನನಗೆ ನಗು ಬರಲಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ. ನಮ್ಮ ಫೋನು ನಡೆಯುವುದು ಆಚೆ ದಡದ ಪೇಟೆಯ ಟವರಿನಿಂದ. ಈಚೆ ದಡದಲ್ಲಿ ಒಂದು ದಿನ ನಡೆದರೂ ಟವರ್ ಸಿಗುವುದಿಲ್ಲ. ಅಣೆಕಟ್ಟಿನ ಗೇಟು ತೆಗೆಯುವ ಮೊದಲು ಅಲ್ಲಿನ ಗೇಟಿನವನು ನಿಮ್ಮಣ್ಣನಿಗೆ ಫೋನು ಮಾಡುತ್ತಾನೆ. ಇವರು ದೋಣಿಯನ್ನು ದಡಕ್ಕೆ ಬಿಗಿದು ‘ಕಟ್ಟಿದೆ’ ಎನ್ನುತ್ತಾರೆ. ಅವನು ಗೇಟು ಎತ್ತುತ್ತಾನೆ. ಮುಕ್ಕಾಲು ಗಂಟೆಗೆ ನೀರು ಇಲ್ಲಿಗೆ ಬರುತ್ತದೆ. ಇದನ್ನು ಯಾವ ಸರ್ಕಾರವೂ ಬರೆದಿಟ್ಟಿಲ್ಲ, ಇಬ್ಬರು ಮನುಷ್ಯರು ಮಾಡಿಕೊಂಡ ಏರ್ಪಾಡು. ಹದಿನೆಂಟು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ.

ಈ ಕೆಂಪು ಗೆರೆಯಿಂದ ಆ ಫೋನು ನಿಂತುಹೋಗುತ್ತದಾ? ನೀನು ಅದೇ ಆಫೀಸಿನಲ್ಲಿದ್ದೀಯ. ನನಗೆ ಅರ್ಥವಾಗುವ ಹಾಗೆ ಬರೆ.

ನಿನ್ನ ಅತ್ತಿಗೆ


ಫೆಬ್ರವರಿ ೧೯

ಅತ್ತಿಗೆಗೆ ನಮಸ್ಕಾರ.

ಊಟ ಸರಿಯಾಗಿದೆ. ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದೇನೆ.

ನೀವು ಹೆದರಿದ್ದು ಸರಿಯಾಗಿಯೇ ಇದೆ. ಫೋನಿನ ಅಲೆಗೆ ಗೋಡೆಯಿಲ್ಲ, ಅದು ನದಿ ನೋಡಿ ನಿಲ್ಲುವುದಿಲ್ಲ. ಆದರೆ ಅಲೆಯನ್ನು ಬಳಸುವ ಹಕ್ಕನ್ನು ಕಂಪನಿಗಳಿಗೆ ಹಂಚಬೇಕೆಂದರೆ ನೆಲದ ಮೇಲೆ ಗೆರೆ ಹಾಕಲೇಬೇಕು. ಇಷ್ಟು ದಿನ ದೇಶಕ್ಕೆಲ್ಲ ಒಂಬತ್ತೇ ವಲಯ ಇದ್ದವು. ನದಿಯ ಎರಡೂ ದಡ ಒಂದೇ ವಲಯದಲ್ಲಿದ್ದುದರಿಂದ ಆಚೆ ಟವರಿನ ಕಂಪನಿ ಈಚೆಗೂ ಸಿಗ್ನಲ್ ಬಿಡಬಹುದಿತ್ತು. ಈಗ ಸಣ್ಣ ಕಂಪನಿಗಳಿಗೂ ಅವಕಾಶ ಸಿಗಲೆಂದು ನೂರ ನಲವತ್ತು ಸಣ್ಣ ವಲಯ ಮಾಡುತ್ತಿದ್ದೇವೆ. ಒಂದು ದೊಡ್ಡ ನಗರ, ಅದರ ಸುತ್ತ ಅಲ್ಲಿಗೆ ಕೆಲಸಕ್ಕೆ, ವ್ಯಾಪಾರಕ್ಕೆ ಹೋಗುವ ಜಿಲ್ಲೆಗಳು; ಇಷ್ಟು ಸೇರಿದರೆ ಒಂದು ವಲಯ. ಜಿಲ್ಲೆಯನ್ನು ಮಾತ್ರ ಸೀಳುವಂತಿಲ್ಲ. ನದಿ ಎರಡು ಜಿಲ್ಲೆಗಳ ಗಡಿ. ಆದ್ದರಿಂದ ಗೆರೆ ನದಿಯ ಮೇಲೆ ಬಂತು. ಆಚೆ ವಲಯದ ಕಂಪನಿ ಗೆರೆಯ ಈಚೆಗೆ ಸಿಗ್ನಲ್ ಬಿಡಬಾರದು, ಈಚೆಯವರು ಒಪ್ಪಿದರೆ ಮಾತ್ರ ಬಿಡಬಹುದು.

ಆದರೆ ಒಂದು ದಾರಿ ಇದೆ. ಗೆರೆಗೆ ತಾಗಿದ ಊರಿನವರ ದಿನದ ಬದುಕೆಲ್ಲ ಆಚೆಗೇ ಇದ್ದರೆ ಆ ಊರನ್ನು ಮಾತ್ರ ಆಚೆ ವಲಯಕ್ಕೆ ಹಾಕಬಹುದು. ಅದಕ್ಕೆ ಮೂರರಲ್ಲಿ ಎರಡು ಪಾಲು ಮನೆಯವರು ಸಹಿ ಮಾಡಿದ ಅರ್ಜಿ ಬೇಕು. ಪೇಟೆ, ಆಸ್ಪತ್ರೆ, ಶಾಲೆ ಎಲ್ಲವೂ ಆಚೆ ದಡದಲ್ಲಿವೆ ಎಂದು ಬರೆಯಿರಿ. ಅಣೆಕಟ್ಟಿನ ಫೋನಿನ ವಿಷಯ ಮೊದಲನೇ ಸಾಲಿನಲ್ಲೇ ಬರಲಿ.

ಇನ್ನೊಂದು ಮಾತು ಯಾರಿಗೂ ಹೇಳಬೇಡಿ. ಆ ಭಾಗದ ಗೆರೆ ಎಳೆಯುವ ಕೆಲಸ ನನ್ನ ಮೇಜಿಗೇ ಬಂದಿದೆ. ನೆಂಟರಿರುವ ಜಾಗ ಬಂದರೆ ಹಾಗೆಂದು ಬರೆದುಕೊಟ್ಟು, ಫೈಲನ್ನು ಬೇರೆಯವರಿಗೆ ಕೊಟ್ಟುಬಿಡಬೇಕೆಂದು ನಮ್ಮಲ್ಲಿ ನಿಯಮವಿದೆ. ನಾನು ಬರೆದುಕೊಟ್ಟಿಲ್ಲ. ಕೊಟ್ಟರೆ ಅದು ಪಕ್ಕದ ಮೇಜಿನ ಕನ್ನಡಕದವಳಿಗೆ ಹೋಗುತ್ತದೆ. ಅವಳಿಗೆ ನದಿ ಎಂದರೆ ನೀಲಿ ಬಣ್ಣ, ಅಷ್ಟೇ. ನನ್ನ ಹತ್ತಿರವೇ ಇದ್ದರೆ ಒಳ್ಳೆಯದು.

ಅರ್ಜಿಯನ್ನು ಆಫೀಸಿಗೆ ಕಳಿಸಬೇಡಿ. ಕೆಳಗಿನ ಟಪಾಲು ಕೋಣೆಯಲ್ಲಿ ಕಾಗದಗಳು ವಾರಗಟ್ಟಲೆ ಬಿದ್ದಿರುತ್ತವೆ. ನನ್ನ ಕೋಣೆಯ ವಿಳಾಸಕ್ಕೆ ಕಳಿಸಿ, ನಾನೇ ಕೈಯಾರೆ ಸೇರಿಸುತ್ತೇನೆ.

ಅಣ್ಣನಿಗೆ ನಮಸ್ಕಾರ ತಿಳಿಸಿ.

ಇರುವೆ


ಮಾರ್ಚ್ ೩

ಇರುವೆಗೆ,

ಇದರ ಜೊತೆ ಅರ್ಜಿ ಇದೆ. ಅರವತ್ತೊಂದು ಮನೆಯಲ್ಲಿ ಐವತ್ತೆಂಟು ಮನೆಯವರು ಸಹಿ ಹಾಕಿದ್ದಾರೆ. ಬೀಗ ಹಾಕಿಕೊಂಡು ಹೋದವರು ಇಬ್ಬರು. ಇನ್ನೊಬ್ಬ ಇಟ್ಟಿಗೆ ಭಟ್ಟಿಯವನು, ಅವನು ಹುಟ್ಟಿದಾಗಿನಿಂದ ಯಾವುದಕ್ಕೂ ಒಪ್ಪಿದವನಲ್ಲ.

ನಾಲ್ಕು ದಿನ ನಾನೂ ದರ್ಜಿಯೂ ಮನೆಮನೆ ತಿರುಗಿದೆವು. “ಸಹಿ ಹಾಕಿದ್ರೆ ನಮ್ಮ ಜಮೀನು ಆಚೆ ಜಿಲ್ಲೆಗೆ ಹೋಗಿಬಿಡುತ್ತಾ?” ಎಂದು ಒಬ್ಬಳು ಕೇಳಿದಳು. ದರ್ಜಿ, “ನಿನ್ನ ಜಮೀನಿಗೆ ಕಾಲಿದೆಯಾ ತಾಯಿ? ಅದು ಅಲ್ಲೇ ಬಿದ್ದಿರುತ್ತೆ. ಫೋನು ಮಾತ್ರ ಆಚೆಯೋರ ಲೆಕ್ಕಕ್ಕೆ, ಅಷ್ಟೇ” ಎಂದರು. “ಹಾಗಾದ್ರೆ ಜಮೀನೂ ಹೋಗ್ಲಿ ಬಿಡಿ, ಅದ್ರಿಂದೇನು ಸುಖ” ಎಂದು ಅವಳು ಸಹಿ ಹಾಕಿದಳು.

ಮೊದಲ ಸಹಿ ನಿಮ್ಮಣ್ಣನದು. ಕಡೆಗೆ ಹಾಕುತ್ತೇನೆಂದು ಹಿಂದೆ ನಿಂತಿದ್ದರು, ದರ್ಜಿ ಬಿಡಲಿಲ್ಲ. “ನೀರಲ್ಲಿ ಇರೋನು ನೀನು. ನಿನ್ನ ಹೆಸರು ಮೇಲಿರ್ಲಿ” ಎಂದು ಕೈಗೆ ಪೆನ್ನು ಕೊಟ್ಟರು. ಇವರ ಸಹಿ ನಿನಗೆ ಗೊತ್ತಲ್ಲ, ಅರ್ಧ ಹಾಳೆ ತಿಂದಿದೆ.

ಕಾಗದ ಮಡಿಚುವಾಗ ಇವರು, “ಮನೆಯೋನೊಬ್ಬ ಅಲ್ಲಿ ಕೂತಿದ್ದಾನೆ ಅಂದ್ರೆ ಎಷ್ಟು ಧೈರ್ಯ ನೋಡು” ಎಂದರು. ಇಷ್ಟು ಮಾತು ಇವರ ಬಾಯಿಂದ ಬರುವುದೇ ಕಷ್ಟ. ನಿನಗೆ ತಿಳಿಯಲೆಂದು ಬರೆದೆ.

ತಲುಪಿದ ಕೂಡಲೇ ಎರಡು ಸಾಲು ಬರೆ.

ನಿನ್ನ ಅತ್ತಿಗೆ


ಮಾರ್ಚ್ ೨೯

ಅತ್ತಿಗೆಗೆ ನಮಸ್ಕಾರ.

ಕಾಗದ ತಲುಪಿತು. ಎಂಟನೇ ತಾರೀಕಿಗೇ ಬಂದಿತ್ತು. ಉತ್ತರ ಬರೆಯುವುದು ತಡವಾಯಿತು, ಕ್ಷಮಿಸಿ. ಇಲ್ಲಿ ಕೆಲಸ ಬಹಳ. ಮುಂದಿನದು ಮೇಲಿನವರ ಕೈಯಲ್ಲಿದೆ. ನೋಡೋಣ.

ಕಣ್ಣು ಪರವಾಗಿಲ್ಲ.

ಇರುವೆ


ಜೂನ್ ೬

ಇರುವೆಗೆ,

ಎರಡು ತಿಂಗಳಾಯಿತು, ನೀನು ಬರೆಯಲಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ.

ನಿನ್ನೆ ಕೊನೆಯ ನಕ್ಷೆಯನ್ನು ಚಪ್ಪರದಲ್ಲಿ ಅಂಟಿಸಿದರು. ಕೆಂಪು ಗೆರೆ ನದಿಯ ನಡುವೆಯೇ ಇದೆ. ಕೆಳಗೆ ಒಂದು ಪಟ್ಟಿ, ‘ನೆರೆಯ ವಲಯಕ್ಕೆ ಸೇರಿಸಲಾದ ಊರುಗಳು’ ಎಂದು. ಹನ್ನೊಂದು ಊರಿನ ಹೆಸರಿದೆ. ನಾನು ಮೇಲಿನಿಂದ ಕೆಳಗೆ, ಆಮೇಲೆ ಕೆಳಗಿನಿಂದ ಮೇಲಕ್ಕೆ ಓದಿದೆ. ನಮ್ಮ ಊರು ಇಲ್ಲ. ನಮ್ಮಿಂದ ಆರು ಮೈಲಿ ಕೆಳಗಿನ ಊರು ಇದೆ. ಅವರದು ಇಪ್ಪತ್ತು ಮನೆ, ಅಲ್ಲಿ ದೋಣಿಯೂ ಇಲ್ಲ.

ದರ್ಜಿಯೂ ಪಟ್ಟಿ ಓದಿದರು. “ನಿಮ್ಮ ಮೈದುನನ್ನ ಒಂದು ಮಾತು ಕೇಳಮ್ಮ” ಎಂದಷ್ಟೇ ಹೇಳಿ ಹೋದರು.

ಕೇಳುತ್ತಿದ್ದೇನೆ. ನಮ್ಮ ಅರ್ಜಿಯಲ್ಲಿ ಏನು ಕಡಿಮೆಯಾಗಿತ್ತು?

ನಿನ್ನ ಅತ್ತಿಗೆ


ಜೂನ್ ೨೦

ಅತ್ತಿಗೆಗೆ,

ಅರ್ಜಿಯಲ್ಲಿ ಏನೂ ಕಡಿಮೆ ಇರಲಿಲ್ಲ. ಮೇಲಿನವರು ಒಪ್ಪಲಿಲ್ಲ. ಕಾರಣ ಹೇಳುವುದಿಲ್ಲ ಅವರು. ಐದು ವರ್ಷಕ್ಕೊಮ್ಮೆ ನಕ್ಷೆ ತಿದ್ದುತ್ತಾರೆ, ಆಗ ಮತ್ತೆ ಕೊಡಬಹುದು.

ಅಷ್ಟರವರೆಗೆ ಅಣ್ಣ ಹುಷಾರಾಗಿರಲಿ.

ಇರುವೆ


ಆಗಸ್ಟ್ ೯

ಇರುವೆಗೆ,

ಫೋನು ಸತ್ತಿತು.

ಜುಲೈ ಕೊನೆಯಲ್ಲಿ ಆಚೆ ಕಂಪನಿಯ ಟವರ್ ಹತ್ತುವವನು ಬಂದ. ಮೊದಲು ಟವರ್ ಮೇಲಿನ ಆಂಟೆನಾದ ಮುಖವನ್ನು ಪೇಟೆಯ ಕಡೆಗೆ ಬಗ್ಗಿಸಿದನಂತೆ. ಆಮೇಲೆ ನಿಮ್ಮಣ್ಣನ ದೋಣಿಯಲ್ಲೇ ಈಚೆಗೆ ಬಂದು, ನಮ್ಮ ಅಂಗಳದಲ್ಲಿ ನಿಂತು ಒಂದು ಡಬ್ಬಿ ಹಿಡಿದು ಅಳೆದ. ಬಿಸಿಲಲ್ಲಿ ಬಂದಿದ್ದ, ನೀರು ಕೊಟ್ಟೆ.

“ಅಕ್ಕಾ, ನನ್ನ ಮೇಲೆ ಸಿಟ್ಟಾಗ್ಬೇಡಿ. ನಾನು ಹತ್ತೋನು, ಇಳಿಯೋನು ಅಷ್ಟೇ. ಎಷ್ಟು ಬಗ್ಗಿಸ್ಬೇಕು ಅಂತ ಆಫೀಸಲ್ಲಿ ಕೂತೋರು ಹೇಳ್ತಾರೆ. ಗೆರೆ ದಾಟಿ ನಮ್ಮ ಸಿಗ್ನಲ್ ಬರ್ತಿದೆ ಅಂತ ಈಚೆ ವಲಯದ ಕಂಪನಿಯೋರು ದೂರು ಕೊಟ್ಟಿದ್ದಾರೆ.”

“ಹಾಗಾದ್ರೆ ಅವರು ಇಲ್ಲಿ ಟವರ್ ಹಾಕ್ತಾರಾ?” ಎಂದೆ.

ಅವನು ನಕ್ಕ. “ಅವರಿಗೇನು ಹುಚ್ಚಾ ಅಕ್ಕಾ? ವಲಯದಲ್ಲಿ ನೂರಕ್ಕೆ ಎಪ್ಪತ್ತು ಜನಕ್ಕೆ ಫೋನು ಸಿಕ್ಕಿದ್ರೆ ಷರತ್ತು ಮುಗೀತು. ಆ ಎಪ್ಪತ್ತೂ ನಗರದಲ್ಲೇ ಸಿಕ್ಕಿಬಿಡ್ತಾರೆ. ಆಮೇಲೆ ನಕ್ಷೇಲಿ ಇಡೀ ವಲಯಕ್ಕೆ ಹಸಿರು ಬಳೀತಾರೆ, ಸೇವೆ ಇದೆ ಅಂತ.”

“ಅವರೂ ಕೊಡಲ್ಲ, ಕೊಡೋರನ್ನೂ ಬಿಡಲ್ಲ ಅನ್ನು.”

“ಅದೇ ಮತ್ತೆ. ಆದ್ರೂ ನೀವು ಅರ್ಜಿ ಕೊಡ್ಬೇಕಿತ್ತು. ಬೇರೆ ಊರೋರು ಕೊಟ್ಟು ಆಚೆಗೆ ಹಾಕಿಸ್ಕೊಂಡ್ರು.”

“ಕೊಟ್ಟಿದ್ದೀವಪ್ಪ. ಐವತ್ತೆಂಟು ಸಹಿ.”

“ಬಂದ ಅರ್ಜಿಗಳ ಪಟ್ಟಿ ನಮಗೂ ಕಳ್ಸಿದ್ರು. ಒಟ್ಟು ಹದಿನಾಲ್ಕು ಊರು. ನಿಮ್ಮೂರು ಅದ್ರಲ್ಲಿಲ್ಲ” ಎಂದ.

‘ನೀನು ಸರಿಯಾಗಿ ನೋಡಿಲ್ಲ’ ಎಂದು ಅವನಿಗೆ ಬೈದು ಕಳಿಸಿದೆ. ನಮ್ಮ ಮೈದುನ ಕೈಯಾರೆ ಸೇರಿಸಿದ್ದಾನೆ ಎಂದೆ. ಅವನು ಲೋಟ ಕೆಳಗಿಟ್ಟು ಹೊರಟ.

ಈಗ ಫೋನು ಆಚೆ ದಡದಲ್ಲಿ ಪೂರ್ತಿ ಬರುತ್ತದೆ, ನಡುನೀರಿನವರೆಗೂ ಬರುತ್ತದೆ. ಈಚೆಗೆ ಬಂದರೆ ಕಲ್ಲು. ಗೇಟಿನವನು ಮೊದಲ ವಾರ ಬೈಕಿನಲ್ಲಿ ಒಬ್ಬನನ್ನು ಕಳಿಸುತ್ತಿದ್ದ. ‘ಅಂಬಿಗನಿಗೆ ಹೇಳಿ ಕಳಿಸೋದು ನಿನ್ನ ಕೆಲಸದಲ್ಲಿ ಬರೆದಿಲ್ಲ’ ಎಂದು ಅವನ ಸಾಹೇಬರು ನಿಲ್ಲಿಸಿದರಂತೆ. ಅದಕ್ಕೆ ನಿಮ್ಮಣ್ಣ ಈಗ ಸುಮ್ಮನಿರುವ ಹೊತ್ತನ್ನೆಲ್ಲ ಆಚೆ ದಡದಲ್ಲೇ ಕಳೆಯುತ್ತಾರೆ. ಈಚೆಯವರು ಬಟ್ಟೆ ಬೀಸಿದರೆ ಬರುತ್ತಾರೆ, ಜನ ಹತ್ತಿದ ತಕ್ಷಣ ಹೊರಡುತ್ತಾರೆ. ಊಟಕ್ಕೂ ಮನೆಗೆ ಬರುವುದಿಲ್ಲ. ನಾನು ಬುತ್ತಿ ಕೊಟ್ಟು ಕಳಿಸುತ್ತೇನೆ.

ಮಳೆ ಜೋರಾಗುತ್ತಿದೆ. ಅಣೆಕಟ್ಟು ತುಂಬುತ್ತಿದೆ ಎನ್ನುತ್ತಾರೆ.

ಆ ಪಟ್ಟಿಯ ವಿಷಯ ಒಂದೇ ಒಂದು ಸಾಲು ಬರೆ. ಅವನು ಸುಳ್ಳು ಹೇಳಿದ ಎಂದು ಬರೆ, ಸಾಕು.

ನಿನ್ನ ಅತ್ತಿಗೆ


ಸೆಪ್ಟೆಂಬರ್ ೨

ಇರುವೆಗೆ,

ನೀನು ಬರೆಯಲಿಲ್ಲ. ನಾನೇ ಬರೆಯುತ್ತೇನೆ.

ಆಗಸ್ಟ್ ಇಪ್ಪತ್ತಾರು, ಬೆಳಿಗ್ಗೆ. ಈಚೆ ದಡದಲ್ಲಿ ಬಟ್ಟೆ ಬೀಸಿದರು, ನಿಮ್ಮಣ್ಣ ಬಂದರು. ಒಂಬತ್ತು ಜನ ಹತ್ತಿದರು. ಹೊರಡುವಾಗ, ದೋಣಿ ಹಿಡಿದು ಸಾಗಲು ದಡದಿಂದ ದಡಕ್ಕೆ ಕಟ್ಟಿದ ಉಕ್ಕಿನ ಹಗ್ಗ ರಾಟೆಯಿಂದ ಜಾರಿ ಪಕ್ಕಕ್ಕೆ ಸಿಕ್ಕಿಕೊಂಡಿತು. ಬಿಡಿಸುವುದಕ್ಕೆ ಒಂದು ಗಂಟೆಗಿಂತ ಹೆಚ್ಚು ಹಿಡಿಯಿತು. ಆ ಹೊತ್ತಿನಲ್ಲಿ ಗೇಟಿನವನು ಐದು ಸಲ ಫೋನು ಮಾಡಿದ್ದಾನೆ. ಐದು ಸಲವೂ ಇವರ ಜೇಬಿನಲ್ಲಿ ಫೋನು ಸುಮ್ಮನಿತ್ತು. ಅಣೆಕಟ್ಟು ತುಂಬಿತ್ತು, ಮೇಲಿನವರ ಒತ್ತಾಯ, ಅವನು ಗೇಟು ಎತ್ತಿದ.

ಆರನೇ ಸಲ ಫೋನು ಬಡಿದುಕೊಂಡಿತು. ದೋಣಿ ಆಗ ನಡುನೀರಿನಲ್ಲಿತ್ತು.

“ಎಲ್ಲಿ ಸತ್ತಿದ್ಯೋ? ಬಿಟ್ಟು ಮುಕ್ಕಾಲು ಗಂಟೆ ಆಯ್ತಲ್ಲೋ!” ಎಂದು ಅವನು ಕೂಗಿದ್ದು ದೋಣಿಯಲ್ಲಿದ್ದವರಿಗೆಲ್ಲ ಕೇಳಿಸಿತಂತೆ. ತಲೆ ಎತ್ತಿ ನೋಡಿದರೆ ನೀರು ತಿರುವಿನಲ್ಲೇ ಇತ್ತು.

ಎಂಟು ಜನ ಹಗ್ಗ ಹಿಡಿದುಕೊಂಡು ಬದುಕಿದರು. ದರ್ಜಿ ಬದುಕಲಿಲ್ಲ. ಎರಡು ದಿನದ ಮೇಲೆ ಆ ಇಪ್ಪತ್ತು ಮನೆಯ ಊರಿನ ಹತ್ತಿರ ಸಿಕ್ಕರು. ನಿಮ್ಮಣ್ಣ ಅವರನ್ನು ಹಿಡಿಯಲು ಹೋದಾಗ ಬಲಗೈ ಹಗ್ಗಕ್ಕೂ ರಾಟೆಗೂ ನಡುವೆ ಸಿಕ್ಕಿತು. ಆಸ್ಪತ್ರೆಯಲ್ಲಿ ಮೊಣಕೈ ಕೆಳಗೆ ತೆಗೆದರು. ಜೀವಕ್ಕೆ ಭಯವಿಲ್ಲ ಎಂದಿದ್ದಾರೆ.

ನಿನಗೆ ತಿಳಿಸಬೇಕಾದದ್ದು ತಿಳಿಸಿದ್ದೇನೆ.

ಅತ್ತಿಗೆ


ಸೆಪ್ಟೆಂಬರ್ ೧೪

ಅತ್ತಿಗೆ,

ಮೂರು ಸಲ ಬಸ್ ನಿಲ್ದಾಣದವರೆಗೆ ಹೋಗಿ ವಾಪಸ್ ಬಂದೆ. ನಿಮ್ಮ ಮುಂದೆ ನಿಂತು ಹೇಳಲು ಆಗುವುದಿಲ್ಲವೆಂದು ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಟವರಿನವನು ಹೇಳಿದ್ದು ನಿಜ. ನಿಮ್ಮ ಅರ್ಜಿಯನ್ನು ನಾನು ಸೇರಿಸಲಿಲ್ಲ.

ಅದು ಮಾರ್ಚ್ ಎಂಟರಂದು ನನ್ನ ಕೈಗೆ ಬಂತು. ಒಂಬತ್ತರಂದು ಚೀಲದಲ್ಲಿಟ್ಟುಕೊಂಡು ಆಫೀಸಿಗೆ ಹೋದೆ. ಕೆಳಗಿನ ಕಿಟಕಿಯಲ್ಲಿ ಕೊಟ್ಟರೆ ಮುದ್ರೆ ಒತ್ತಿ ತೆಗೆದುಕೊಳ್ಳುತ್ತಾರೆ, ಅರ್ಧ ನಿಮಿಷದ ಕೆಲಸ. ಆದರೆ ಮೊದಲ ಸಹಿ ಅಣ್ಣನದು. ನನ್ನ ಮನೆತನದ ಹೆಸರು, ನನ್ನ ಊರು. ನೆಂಟರಿದ್ದಾರೆಂದು ನಾನು ಬರೆದುಕೊಟ್ಟಿರಲಿಲ್ಲ. ಈ ಕಾಗದ ಫೈಲಿಗೆ ಬಂದರೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತಾರೆ.

ಹತ್ತರಂದು ಮತ್ತೆ ಒಯ್ದೆ. ಅಂದು ನಮ್ಮ ಮೇಲಧಿಕಾರಿ ಮೇಜುಗಳ ನಡುವೆ ಬಂದು ನಿಂತು, “ನೋಡ್ರಪ್ಪಾ, ಯಾರಾದ್ರೂ ಅತ್ತೆ ಮನೆ, ಮಾವನ ಮನೆ ಅಂತ ಗೆರೆ ಬಗ್ಗಿಸಿದ್ರೆ ನಂಗೆ ವಾಸನೆ ಬರುತ್ತೆ” ಎಂದರು. ತಮಾಷೆಗೆ ಹೇಳಿದ್ದು, ಎಲ್ಲರೂ ನಕ್ಕರು. ಅವರು ನನ್ನನ್ನು ನೋಡಿ ಹೇಳಿದರೆಂದು ನನಗನ್ನಿಸಿತು. ನೋಡಿರಲಿಕ್ಕಿಲ್ಲ. ಕಾಗದವನ್ನು ಮೇಜಿನ ಡ್ರಾಯರಿಗೆ ಹಾಕಿದೆ. ನಾಳೆ ಕೊಡೋಣ ಎಂದುಕೊಂಡೆ. ಹನ್ನೊಂದು ಕಳೆಯಿತು. ಹನ್ನೆರಡರಂದು ಸಂಜೆ ಐದಕ್ಕೆ ಕಿಟಕಿ ಮುಚ್ಚುವ ಸದ್ದು ಕೇಳಿಸಿತು. ನಾನು ಮೇಜಿನ ಮುಂದೆಯೇ ಕೂತಿದ್ದೆ. ಮೆಟ್ಟಿಲು ಇಳಿದರೆ ಹದಿನಾರು ಹೆಜ್ಜೆ.

ಪಟ್ಟಿಯಲ್ಲಿದ್ದ ಹನ್ನೊಂದು ಊರುಗಳ ಗೆರೆಯನ್ನು ತಿದ್ದಿದ್ದು ನಾನೇ. ಹದಿನಾಲ್ಕರಲ್ಲಿ ಮೂರು ಬಿದ್ದದ್ದು ಸಹಿ ಕಡಿಮೆ ಇದ್ದುದರಿಂದ. ನಿಮ್ಮದು ಬಂದಿದ್ದರೆ ಖಂಡಿತ ಆಗುತ್ತಿತ್ತು. ಮೇಲಿನವರು ಒಪ್ಪಲಿಲ್ಲ ಎಂದು ನಾನು ಬರೆದದ್ದು ಸುಳ್ಳು. ಅವರ ಮುಂದೆ ಅದು ಹೋಗಲೇ ಇಲ್ಲ.

ಮೊದಲೇ ನೆಂಟರಿದ್ದಾರೆಂದು ಹೇಳಿ ಫೈಲನ್ನು ಕನ್ನಡಕದವಳಿಗೆ ಕೊಟ್ಟಿದ್ದರೆ, ನೀವು ಅರ್ಜಿಯನ್ನು ಟಪಾಲಿನಲ್ಲೇ ಕಳಿಸಿದ್ದರೆ, ಅವಳು ಎಣಿಸಿ, ಸಾಕಷ್ಟು ಸಹಿ ಇದೆ ಎಂದು ಗೆರೆ ಬದಲಿಸಿ ಮನೆಗೆ ಹೋಗುತ್ತಿದ್ದಳು. ನಿಮಗೆ ಸಹಾಯ ಮಾಡುತ್ತೇನೆಂದು ನನ್ನ ಹತ್ತಿರ ಇಟ್ಟುಕೊಂಡೆ. ಆಮೇಲೆ ಸಹಾಯ ಮಾಡಿದವನಂತೆ ಕಾಣಿಸಬಾರದೆಂದು ಹೆದರಿದೆ.

ಅಣ್ಣನ ಕೈ ನೋಡುವ ಮುಖ ನನಗಿಲ್ಲ.

ಇರುವೆ


ಅಕ್ಟೋಬರ್ ೫

ಇರುವೆಗೆ,

ನಿನ್ನ ಕಾಗದವನ್ನು ನಿಮ್ಮಣ್ಣನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, “ಪಾಪ, ಹೆದರಿದ್ದಾನೆ” ಎಂದರು. ನನ್ನ ಬಾಯಲ್ಲಿ ಆ ಪಾಪ ಬರಲಿಲ್ಲ.

ಅದರ ಬಗ್ಗೆ ಬರೆಯಲು ಕೂತಿಲ್ಲ. ಈಗಿನದು ಕೇಳು. ದರ್ಜಿ ಸತ್ತದ್ದಕ್ಕೆ ನಿಮ್ಮಣ್ಣನ ಮೇಲೆ ವಿಚಾರಣೆ ಹಾಕಿದ್ದಾರೆ. ಪೇಟೆಯ ಕಚೇರಿಗೆ ನಾಲ್ಕು ಸಲ ಕರೆದರು. ದೋಣಿ ಇಲ್ಲ, ಸೇತುವೆ ಸುತ್ತಿಕೊಂಡು ಹೋಗಬೇಕು. ಬಸ್ಸಿನಲ್ಲಿ ಇವರಿಗೆ ಒಂದು ಕೈಯಲ್ಲಿ ಕಂಬಿ ಹಿಡಿಯುವುದಿನ್ನೂ ರೂಢಿಯಾಗಿಲ್ಲ.

ವಿಚಾರಣೆಯ ಅಧಿಕಾರಿ ಕೆಟ್ಟವರಲ್ಲ. ಕಾಗದ ಏನು ಹೇಳುತ್ತದೋ ಅದನ್ನು ನಂಬುವವರು. “ಐದು ಕರೆ ಬಂದಿದೆ. ಯಾಕ್ರೀ ಎತ್ತಲಿಲ್ಲ?” ಎಂದು ಕೇಳಿದರು.

“ಬರಲಿಲ್ಲ ಸಾರ್. ಈಚೆ ದಡದಲ್ಲಿ ಸಿಗ್ನಲ್ ಇಲ್ಲ.”

“ಆರನೇದು ಎತ್ತಿದ್ದೀರಲ್ಲ?”

“ಅದು ನಡುನೀರಲ್ಲಿ ಸಾರ್. ಅಲ್ಲಿ ಬರುತ್ತೆ.”

“ಅಂದ್ರೆ ನೀರಲ್ಲಿ ಬರುತ್ತೆ, ನೆಲದಲ್ಲಿ ಬರಲ್ಲ ಅಂತೀರಾ? ಇದನ್ನ ನಾನು ಬರ್ಕೊಳ್ಳಾ?” ಎಂದು ಪಕ್ಕದವನ ಮುಖ ನೋಡಿ ನಕ್ಕರು. ಆಮೇಲೆ ನಕ್ಷೆ ಬಿಚ್ಚಿದರು. ನಮ್ಮ ದಡವೆಲ್ಲ ಹಸಿರು, ಸೇವೆ ಇದೆ ಎಂದು. “ನಕ್ಷೆ ಹೀಗಿದೆ, ನೀವು ಹಾಗೆ ಹೇಳ್ತೀರಿ. ಸರಿ, ನಕ್ಷೆ ಮಾಡಿದೋರನ್ನೇ ಕೇಳ್ತೀನಿ” ಎಂದರು.

ಅವರ ಪತ್ರ ನಿನ್ನ ಆಫೀಸಿಗೆ ಬರುತ್ತದೆ. ನಮ್ಮ ಭಾಗ ನಿನ್ನ ಮೇಜಿನದು ಎಂದು ನೀನೇ ಬರೆದಿದ್ದೆ. ಸೇವೆ ಇದೆ ಎಂದು ಉತ್ತರ ಹೋದರೆ, ಕರೆ ಬಂದರೂ ಎತ್ತದೆ ಜನರನ್ನು ನೀರಿಗಿಳಿಸಿದ ಎಂದು ನಿಮ್ಮಣ್ಣ ಜೈಲಿಗೆ ಹೋಗುತ್ತಾರೆ. ನೀನು ಯಾರನ್ನೂ ಕಾಪಾಡುವುದು ಬೇಡ. ಹಸಿರು ಬಣ್ಣ ಇಡೀ ವಲಯದ ಲೆಕ್ಕ, ಆ ದಡದಲ್ಲಿ ಟವರ್ ಇಲ್ಲ, ಆಚೆಯದನ್ನು ಜುಲೈಯಲ್ಲಿ ಬಗ್ಗಿಸಿದ್ದಾರೆ ಎಂದು ಇದ್ದದ್ದನ್ನು ಬರೆ. ನಾಲ್ಕು ಸಾಲು.

ನಾನು ನಿನ್ನನ್ನು ಇನ್ನೇನೂ ಕೇಳುವುದಿಲ್ಲ.

ಅತ್ತಿಗೆ


ಅಕ್ಟೋಬರ್ ೨೧

ಅತ್ತಿಗೆಗೆ,

ವಿಚಾರಣೆಯ ಪತ್ರ ಹದಿಮೂರರಂದು ನನ್ನ ಮೇಜಿಗೆ ಬಂತು. ಅದರಲ್ಲಿ ಅಣ್ಣನ ಹೆಸರಿತ್ತು. ಎರಡು ದಿನ ಇಟ್ಟುಕೊಂಡಿದ್ದೆ.

ಆಮೇಲೆ ನೆಂಟರ ವಿಷಯವಾದ್ದರಿಂದ ನಾನು ನೋಡುವಂತಿಲ್ಲ ಎಂದು ಬರೆದುಕೊಟ್ಟೆ. ಕಳೆದ ಸಲ ಆ ನಿಯಮ ಮುರಿದು ಏನಾಯಿತೆಂದು ನಿಮಗೆ ಗೊತ್ತು. ಮತ್ತೆ ಮುರಿಯಲು ಧೈರ್ಯ ಬರಲಿಲ್ಲ. ನಾನು ಬರೆದರೆ ತಮ್ಮನಾದವನು ಅಣ್ಣನ ಪರ ಬರೆದ ಎಂದು ಅದಕ್ಕೆ ಬೆಲೆಯೂ ಇರುವುದಿಲ್ಲ.

ಫೈಲು ಕನ್ನಡಕದವಳಿಗೆ ಹೋಯಿತು. ಅವಳು ನಕ್ಷೆ ನೋಡಿ, ‘ಸದರಿ ಸ್ಥಳವು ಸೇವೆ ಒದಗಿಸಲಾದ ವಲಯದೊಳಗೆ ಬರುತ್ತದೆ’ ಎಂದು ಬರೆದು ಕಳಿಸಿದಳು. ಅದು ನಿಯಮದ ಪ್ರಕಾರ ಸರಿಯಾಗಿಯೇ ಇದೆ. ಅವಳ ತಪ್ಪಿಲ್ಲ. ನಾನು ಅವಳ ಮೇಜಿನ ಹತ್ತಿರ ಹೋಗಿ ನಿಂತಿದ್ದೆ. “ಏನು?” ಎಂದಳು. ಏನಿಲ್ಲ ಎಂದೆ.

ಒಳ್ಳೆಯ ವಕೀಲರನ್ನು ನೋಡಿ. ನನ್ನಿಂದ ಆಗುವುದನ್ನು ಕಳಿಸುತ್ತೇನೆ.

ಇರುವೆ


ನವೆಂಬರ್ ೮

ಇರುವೆಗೆ,

ಫೆಬ್ರವರಿಯಲ್ಲಿ ನೀನು ನಮ್ಮ ಮನೆಯವನಾಗಿದ್ದೆ, ಅಕ್ಟೋಬರಿನಲ್ಲಿ ನೆಂಟನಾದೆ. ಎರಡು ಸಲವೂ ಕಷ್ಟ ನಮಗೇ ಬಂತು. ಇರಲಿ.

ಮಂಗಳವಾರ ಬೆಳಿಗ್ಗೆ ನಾನೊಬ್ಬಳೇ ಪೇಟೆಯ ಕಚೇರಿಗೆ ಹೋದೆ. ನಿಮ್ಮಣ್ಣನಿಗೆ ಆಸ್ಪತ್ರೆಯಿಂದ ಮಾತ್ರೆ ತರುತ್ತೇನೆಂದು ಹೇಳಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಇವರಿಗೆ ನಾನು ಹೇಳಿದ ಮೊದಲ ಸುಳ್ಳು. ವಿಚಾರಣೆಯ ಅಧಿಕಾರಿ ತೀರ್ಪು ಬರೆಯಲು ಕೂತಿದ್ದರು. ಸೆಪ್ಟೆಂಬರ್ ಹದಿನಾಲ್ಕರ ನಿನ್ನ ಕಾಗದವನ್ನು ಅವರ ಮುಂದಿಟ್ಟೆ. ಜೊತೆಗೆ ನಿನ್ನ ಉಳಿದ ಕಾಗದಗಳನ್ನೂ ಇಟ್ಟೆ.

ಅವರು ಎರಡು ಸಲ ಓದಿದರು. ಮೊದಲ ಸಲ ಬೇಗ, ಎರಡನೇ ಸಲ ಬೆರಳಿಟ್ಟು.

“ಇದು ಯಾರ ಅಕ್ಷರಮ್ಮ?”

“ನಮ್ಮ ಮೈದುನನದು ಸಾರ್.”

“ಅವನದೇ ಅಂತ ಹೇಗೆ ಹೇಳ್ತೀರಿ?”

“ಅಕ್ಷರ ಕಲಿಸಿದ್ದು ನಾನೇ” ಎಂದೆ.

ಅವರು ಪೆನ್ನು ಕೆಳಗಿಟ್ಟರು. “ಇದನ್ನ ನಾನು ತಗೊಂಡ್ರೆ ಹುಡುಗನ ಕೆಲಸ ಹೋಗುತ್ತೆ. ಅಷ್ಟಕ್ಕೇ ನಿಲ್ಲೋದೂ ಇಲ್ಲ, ಅವನ ಮೇಲೂ ಕೇಸು ಬೀಳುತ್ತೆ. ಯೋಚನೆ ಮಾಡಿ ಕೊಡ್ತಿದ್ದೀರಾ?” ಎಂದರು.

ಯೋಚನೆ ಮಾಡಿದ್ದೇನೆ ಎಂದೆ. ‘ಇದು ಇಂಥವನ ಕೈಬರಹವೆಂದು ನಾನು ಗುರುತಿಸುತ್ತೇನೆ’ ಎಂದು ಒಂದು ಹಾಳೆಯಲ್ಲಿ ಬರೆಸಿ ಸಹಿ ತೆಗೆದುಕೊಂಡರು. ನಿಮ್ಮಣ್ಣನ ಮೇಲಿನ ತೀರ್ಪನ್ನು ತಡೆದಿದ್ದಾರೆ. ಟವರ್ ಹತ್ತುವವನನ್ನೂ ಗೇಟಿನವನನ್ನೂ ಕರೆಸುತ್ತಾರಂತೆ. ಇನ್ನು ಹತ್ತು ದಿನದಲ್ಲಿ ನಿನಗೂ ಕರೆ ಬರುತ್ತದೆ.

ಮನೆಗೆ ಬಂದು ಹೇಳಿದೆ. ನಿಮ್ಮಣ್ಣ ಎಡಗೈಯಲ್ಲಿ ಬಲೆಗೆ ಗಂಟು ಹಾಕುವುದನ್ನು ಕಲಿಯುತ್ತಿದ್ದರು. ಕೈ ನಿಂತಿತು.

“ನನ್ನ ಕೈಯಂತೂ ಹೋಯ್ತು. ಅವನ ಅನ್ನ ಯಾಕೆ ಕಿತ್ತೆ?”

“ನೀವು ಜೈಲಿಗೆ ಹೋಗ್ಬೇಕಿತ್ತಾ?”

“ಹೋಗಿ ಬರ್ತಿದ್ದೆ. ಅದಕ್ಕೊಂದು ಕೊನೆ ಇರ್ತಿತ್ತು.”

ಅಷ್ಟೇ. ಇವತ್ತಿಗೆ ಐದು ದಿನ, ನನ್ನ ಜೊತೆ ಮಾತಿಲ್ಲ. ನಾನು ತಟ್ಟೆ ಇಟ್ಟರೆ ಉಣ್ಣುತ್ತಾರೆ, ಕರೆದರೆ ತಿರುಗುವುದಿಲ್ಲ. ನೀನು ಮಾಡಿದ್ದಕ್ಕೆ ನಿನ್ನ ಮೇಲೆ ಬರದ ಸಿಟ್ಟು, ನಾನು ಮಾಡಿದ್ದಕ್ಕೆ ನನ್ನ ಮೇಲೆ ಬಂದಿದೆ. ನಿಮ್ಮ ರಕ್ತ ಒಂದು, ನಾನು ಹೊರಗಿನಿಂದ ಬಂದವಳು ಎಂಬುದು ಇಷ್ಟು ವರ್ಷದ ಮೇಲೆ ಗೊತ್ತಾಯಿತು.

ಕರೆದಾಗ ಹೋಗು. ಅಲ್ಲಿ ಆ ಕಾಗದ ನನ್ನದಲ್ಲ ಎನ್ನಬೇಡ. ನೀನು ಅಲ್ಲವೆಂದರೆ ನನ್ನನ್ನು ಕರೆಸಿ ನಿನ್ನ ಎದುರು ನಿಲ್ಲಿಸುತ್ತಾರೆ. ಆಗ ನಾನು ನಿನ್ನ ಮುಖ ನೋಡಿಕೊಂಡು ಹೌದು, ಇವನದೇ ಎನ್ನಬೇಕಾಗುತ್ತದೆ. ನನ್ನಿಂದ ಆಗುವುದಿಲ್ಲವೆಂದು ತಿಳಿಯಬೇಡ. ಆಗುತ್ತದೆ. ಆಗುತ್ತದೆ ಎಂದು ಗೊತ್ತಾದ ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಇದಕ್ಕೆ ಉತ್ತರ ಬರೆಯಬೇಡ. ಬರೆದರೆ ಅದನ್ನೂ ಅವರಿಗೆ ಕೊಡಬೇಕಾಗುತ್ತದೆ.

ನಿನ್ನ ಅಣ್ಣನ ಹೆಂಡತಿ